ಸಂಪಾದಕರ ಉತ್ತರ: ಚಪ್ಪರದಿಂದ ಎದ್ದುಹೋದ ಅಪ್ಪ

ಅರಸೀಕೆರೆ ಸೀಮೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು:

“ನಮ್ಮ ತಂದೆ ತೀರಿಕೊಂಡು ಮೂರು ತಿಂಗಳಾಯಿತು. ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದರು. ರಕ್ತ ಬೇಕು ಅಂತ ಬಂದವರಿಗೆ ಕೊಡುವವರನ್ನು ಹುಡುಕಿಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಯಾರೂ ಇಲ್ಲದವರು ಸತ್ತರೆ ಮುಂದೆ ನಿಂತು ಮಣ್ಣು ಮಾಡಿಸುವುದು, ಇದೇ ಅವರ ಬದುಕಾಗಿತ್ತು. ಮನೆಯನ್ನೂ ಅಷ್ಟೇ ಪ್ರೀತಿಯಿಂದ ನೋಡಿಕೊಂಡರು. ನಿಮ್ಮ ಪತ್ರಿಕೆಯಲ್ಲಿ ಕಿಳಿಂಗಾರು ಸಾಯಿರಾಂ ಭಟ್ಟರು, ಕೆರೆ ಕಾಮೇಗೌಡರು, ಸಾಲುಮರದ ತಿಮ್ಮಕ್ಕನವರ ನೆನಪಿನ ಲೇಖನ ಓದಿದ್ದೇನೆ. ನಮ್ಮಪ್ಪನಂಥವರಿಗೆ ಅಲ್ಲಿ ಜಾಗ ಇದೆಯೇ? ನಾಲ್ಕು ಪುಟ ಬರೆದಿದ್ದೇನೆ, ಜೊತೆಗಿದೆ. ಅದನ್ನು ಓದಿದ ನನ್ನ ತಮ್ಮ ‘ಇದರಲ್ಲಿ ಅಪ್ಪ ಎಲ್ಲೂ ಕಾಣಿಸ್ತಾನೇ ಇಲ್ಲ ಅಕ್ಕ’ ಅಂದ. ನೀವೇನು ಹೇಳುತ್ತೀರಿ?”

ನಮಸ್ಕಾರ.

ಜಾಗ ಇದೆ. ನಿಮ್ಮ ಪತ್ರವನ್ನು ಇಟ್ಟುಕೊಂಡು ಇಷ್ಟು ದೊಡ್ಡ ಉತ್ತರ ಬರೆಯಲು ಕೂತಿರುವುದೇ ಅದಕ್ಕೆ. ಇಂಥ ಪತ್ರ ನಮಗೆ ಆಗಾಗ ಬರುತ್ತದೆ. ತಂದೆಯ ಬಗ್ಗೆ, ಅಜ್ಜನ ಬಗ್ಗೆ, ಊರಿನ ಮೇಷ್ಟರ ಬಗ್ಗೆ. ಬರೆದವರ ದುಃಖ ನಿಜವಾದದ್ದು, ತೀರಿಕೊಂಡವರ ಒಳ್ಳೆಯತನವೂ ನಿಜ. ಆದರೂ ಓದಿ ಮುಗಿಸಿದ ಮೇಲೆ ಆ ಮನುಷ್ಯ ನಮಗೆ ಗೊತ್ತಾಗಿರುವುದಿಲ್ಲ. ನಿಮ್ಮ ತಮ್ಮ ಹೇಳಿದ ಮಾತು ಕಟುವಾಗಿ ಕೇಳಿಸಿರಬಹುದು. ಅವರು ನಿಮ್ಮ ಬರವಣಿಗೆಯನ್ನು ಹಳಿದಿಲ್ಲ, ಅಪ್ಪನನ್ನು ಹುಡುಕಿದ್ದಾರೆ.

ನಿಮ್ಮ ಮೊದಲ ಪುಟದಲ್ಲೇ ‘ಪರೋಪಕಾರಿ’, ‘ನಿಸ್ವಾರ್ಥಿ’, ‘ಸರಳ ಸಜ್ಜನ’, ‘ಅಜಾತಶತ್ರು’ ಎಲ್ಲವೂ ಬಂದಿವೆ. ಬಸ್‌ಸ್ಟ್ಯಾಂಡಿನ ಎದುರು ಕಟ್ಟುವ ಶ್ರದ್ಧಾಂಜಲಿ ಬ್ಯಾನರುಗಳಲ್ಲೂ ಈ ಮಾತುಗಳೇ ಇರುತ್ತವೆ. ಒಬ್ಬರ ಹೆಸರಿನ ಮುಂದಿನಿಂದ ತೆಗೆದು ಇನ್ನೊಬ್ಬರ ಹೆಸರಿನ ಮುಂದೆ ಇಟ್ಟರೆ ಅಲ್ಲಿಯೂ ಸರಿಯಾಗಿ ಕೂರುತ್ತವೆ. ನಿಮ್ಮ ತಂದೆಯನ್ನೇ ತೋರಿಸುವ ಶಕ್ತಿ ಅವಕ್ಕಿಲ್ಲ.

ಆದರೆ ಎರಡನೆಯ ಪುಟದ ಕೆಳಗೆ ನಾಲ್ಕು ಸಾಲು ಬರೆದು ಪೆನ್ನಿನಿಂದ ಗೀಚಿ ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದು ಓದಿದೆ, ಅನ್ಯಥಾ ಭಾವಿಸಬೇಡಿ. “ನನ್ನ ಮದುವೆಯ ಹಿಂದಿನ ದಿನ ಅಪ್ಪ ಚಪ್ಪರದಿಂದ ಎದ್ದು ಹಾಸನಕ್ಕೆ ಹೋದರು. ಬಾಣಂತಿಯೊಬ್ಬರಿಗೆ ಓ ನೆಗೆಟಿವ್ ರಕ್ತ ಬೇಕಿತ್ತು. ಬೀಗರು ಬಂದಾಗ ಮನೆಯಲ್ಲಿ ಇರಲಿಲ್ಲ, ಅಮ್ಮ ಒಬ್ಬಳೇ ಎದುರುಗೊಂಡಳು. ಆ ರಾತ್ರಿ ನಾನು ಅಪ್ಪನ ಹತ್ತಿರ ಮಾತಾಡಲಿಲ್ಲ.”

ನಾಲ್ಕೂ ಪುಟದಲ್ಲಿ ನಿಮ್ಮ ತಂದೆ ಉಸಿರಾಡುತ್ತಿರುವುದು ಈ ನಾಲ್ಕು ಸಾಲಿನಲ್ಲಿ ಮಾತ್ರ. ಇದನ್ನು ಯಾಕೆ ಹೊಡೆದುಹಾಕಿದಿರಿ ಎಂದು ಊಹಿಸಬಲ್ಲೆ. ಸತ್ತವರ ಬಗ್ಗೆ ಸಿಟ್ಟು ಬರೆಯಬಾರದು ಎಂಬ ಸಂಕೋಚ. ಮನೆಯ ಮಾತು ಬೀದಿಗೆ ಯಾಕೆ ಎಂಬ ಅಳುಕು. ಆದರೆ ನಿಮ್ಮ ತಂದೆಯ ಬದುಕಿನ ಹುರುಳೆಲ್ಲ ಆ ಚಪ್ಪರಕ್ಕೂ ಹಾಸನಕ್ಕೂ ನಡುವಿನ ದಾರಿಯಲ್ಲಿದೆ. ಮಗಳ ಮದುವೆಯ ಹಿಂದಿನ ದಿನ ಮನೆ ಬಿಟ್ಟು ಹೋಗುವುದು ಮಗಳ ಮೇಲೆ ಪ್ರೀತಿ ಇಲ್ಲದವನಿಗೆ ಸುಲಭ. ಪ್ರೀತಿ ಇದ್ದವರಿಗೆ ಅದು ಎಷ್ಟು ಕಷ್ಟದ ಹೆಜ್ಜೆ ಎಂಬುದನ್ನು ನೀವು ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಓ ನೆಗೆಟಿವ್ ಗುಂಪಿನವರಿಗೆ ಅದೇ ಗುಂಪಿನ ರಕ್ತವೇ ಆಗಬೇಕು, ಬೇರೆ ಯಾವುದನ್ನೂ ದೇಹ ಒಪ್ಪುವುದಿಲ್ಲ. ನಮ್ಮಲ್ಲಿ ನೆಗೆಟಿವ್ ಗುಂಪಿನವರೇ ಕಡಿಮೆ. ಅಂದರೆ ಆ ದಿನ ನಿಮ್ಮ ತಂದೆ ಒಂದು ಫೋನ್ ಮಾಡಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಯಾವುದೋ ಹಳ್ಳಿಯಲ್ಲಿದ್ದ ಒಬ್ಬರನ್ನು ಎಬ್ಬಿಸಿ, ಒಪ್ಪಿಸಿ, ಗಾಡಿಗೆ ಹತ್ತಿಸಿಕೊಂಡು ಹೋಗಿರಬೇಕು. ಆ ದಾನಿ ಯಾರು, ಯಾವ ಊರು, ಯಾವ ಗಾಡಿಯಲ್ಲಿ ಹೋದರು, ಎಷ್ಟು ಹೊತ್ತಿಗೆ ವಾಪಸು ಬಂದರು? ಬಾಣಂತಿ ಉಳಿದರೇ? ಕೇಳಿ ತಿಳಿದುಕೊಳ್ಳಿ. ಹೇಳಬಲ್ಲವರು ಇನ್ನೂ ಇದ್ದಾರೆ.

ನಮ್ಮ ನಾಡಿನಲ್ಲಿ ಸತ್ತವರನ್ನು ನೆನೆಯುವ ಹಳೆಯ ಕ್ರಮ ಒಂದಿತ್ತು, ವೀರಗಲ್ಲು ನಿಲ್ಲಿಸುವುದು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬವನಿಗೆ ಗಂಗರ ಅರಸ ಬೂತುಗ ‘ಏನು ಬೇಕೋ ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಅಂದರೆ ಕಲ್ಲುಗುಡ್ಡದಲ್ಲಿ, ದೊಡ್ಡ ಹಂದಿಯೊಂದರ ಮೇಲೆ ಆ ನಾಯಿಯನ್ನು ಬಿಟ್ಟಾಗ ಎರಡೂ ಕಾದಾಡಿ ಜೊತೆಗೇ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷ ದಾಟಿದ ಮೇಲೂ ಆ ಬರಹ ಓದಿದರೆ ಕಣ್ಣಿಗೆ ಕಟ್ಟುತ್ತದೆ. ಯಾಕೆಂದರೆ ಅದರಲ್ಲಿ ನಾಯಿಯ ಹೆಸರಿದೆ, ಊರಿನ ಹೆಸರಿದೆ, ಊರಿನ ಯಾವ ದಿಕ್ಕು ಎಂಬುದಿದೆ, ಎದುರಾಳಿ ಹಂದಿಯೂ ಇದೆ. ಬೆಂಗಳೂರಿನ ಬೇಗೂರಿನ ದೇವಸ್ಥಾನದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನವೂ ಕಾಳಗದಲ್ಲಿ ಸತ್ತವರನ್ನು ನೆನೆಯುವಂಥದ್ದೇ. ಬೆಂಗಳೂರು ಎಂಬ ಹೆಸರು ಅಷ್ಟು ಹಿಂದೆಯೇ ಇತ್ತೆಂದು ನಮಗೆ ತಿಳಿದದ್ದು ಅದರಿಂದ. ರಾಜನ ಬಿರುದಾವಳಿಗೆ ಬಳಸುವ ಮಾತೇ ಬೇರೆ, ಊರಿಗಾಗಿ ಸತ್ತ ಸಾಮಾನ್ಯರನ್ನು ನೆನೆಯುವ ಮಾತೇ ಬೇರೆ ಎಂದು ಆ ಕಲ್ಲು ಕೆತ್ತಿಸಿದವರಿಗೆ ಗೊತ್ತಿತ್ತು. ನೀವು ನಿಮ್ಮ ತಂದೆಗೆ ಬಿರುದಾವಳಿ ಬರೆಯಲು ಹೊರಟಿದ್ದೀರಿ. ಅವರಿಗೆ ಅದು ಬೇಡ.

ಈಗ ನಿಮ್ಮ ಪತ್ರದ ಒಳಗಿರುವ ಇನ್ನೊಂದು ಮಾತಿಗೆ ಬರುತ್ತೇನೆ. ‘ಮನೆಯನ್ನೂ ಅಷ್ಟೇ ಪ್ರೀತಿಯಿಂದ ನೋಡಿಕೊಂಡರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮನೆ ಒಂದು ಕಡೆ, ಊರಿನ ಕೆಲಸ ಇನ್ನೊಂದು ಕಡೆ ಎನ್ನುವಂತೆ. ಇಂಥವರನ್ನು ನೆನೆಯುವಾಗ ಎಲ್ಲರೂ ಹೀಗೆಯೇ ಮಾಡುತ್ತಾರೆ. ನನಗೆ ಇದರಲ್ಲಿ ಒಂದು ಅನ್ಯಾಯ ಕಾಣುತ್ತದೆ.

ನೀವೇ ಹೆಸರಿಸಿದ ಸಾಯಿರಾಂ ಭಟ್ಟರನ್ನು ತೆಗೆದುಕೊಳ್ಳಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕಿಳಿಂಗಾರಿನವರು. ಕೃಷಿಕರು, ನಾಟಿವೈದ್ಯರು. 1995ರ ಮಳೆಗಾಲದಲ್ಲಿ ನೆರೆಯ ಬಡವರೊಬ್ಬರ ಗುಡಿಸಲು ಮಳೆಗೆ ಹೋಯಿತು. ಆತ ಸಹಾಯ ಕೇಳಿಕೊಂಡು ಬಂದಾಗ, ಕಾಶಿಯಾತ್ರೆಗೆಂದು ಕೂಡಿಟ್ಟಿದ್ದ ಹಣದಲ್ಲಿ ಭಟ್ಟರು ಮನೆಯನ್ನೇ ಕಟ್ಟಿಸಿಕೊಟ್ಟರು. ಅಲ್ಲಿಂದ ಶುರುವಾದದ್ದು 260ಕ್ಕೂ ಹೆಚ್ಚು ಮನೆಗಳಾಯಿತು. ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ದುಡಿಯುವ ದಾರಿ ಬೇಕೆಂದವರಿಗೆ ಹೊಲಿಗೆ ಯಂತ್ರ, ಆಟೊರಿಕ್ಷಾ ಕೊಡಿಸಿದರು. ಕುಡಿಯುವ ನೀರಿನ ವ್ಯವಸ್ಥೆ ಮಾಡಿಸಿದರು. ಸಾಮೂಹಿಕ ಮದುವೆ, ವೈದ್ಯಕೀಯ ಶಿಬಿರ ನಡೆಸಿದರು. 2022ರ ಜನವರಿಯಲ್ಲಿ ತೀರಿಕೊಂಡಾಗ ಕನ್ನಡ ಪತ್ರಿಕೆಗಳೂ ಮಲಯಾಳ ಪತ್ರಿಕೆಗಳೂ ಅವರನ್ನು ನೆನೆದವು.

ಕಾಶಿಯ ಹಣದ ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಹೇಳುವಾಗ ಒಂದು ವಿಷಯ ಬಿಟ್ಟುಹೋಗುತ್ತದೆ. ನಮ್ಮ ಹಿಂದಿನ ತಲೆಮಾರಿನಲ್ಲಿ ಕಾಶಿಗೆ ಗಂಡ ಹೆಂಡತಿ ಜೊತೆಯಾಗಿ ಹೋಗುವುದು ವಾಡಿಕೆ. ಕೃಷಿಕರ ಮನೆಯಲ್ಲಿ ಯಾತ್ರೆಗೆಂದು ಹಣ ಕೂಡಿಡುವುದು ಮನೆಮಂದಿಯೆಲ್ಲ ಹಿಡಿತದಲ್ಲಿ ಬದುಕಿದಾಗ ಮಾತ್ರ ಆಗುವ ಕೆಲಸ. ಅಂದಮೇಲೆ ಆ ಹಣ ನೆರೆಯವನ ಗೋಡೆಗೂ ಸೂರಿಗೂ ಹೋದಾಗ, ಕೊಟ್ಟವರು ಒಬ್ಬರೇ ಆಗಿರಲು ಹೇಗೆ ಸಾಧ್ಯ? ಬೇಡ ಎನ್ನುವ ಹಕ್ಕಿದ್ದೂ ಬೇಡ ಎನ್ನದ ಮನೆಯೊಂದು ಅವರ ಹಿಂದೆ ಇತ್ತು. ಒಂದು ಮನೆಯಲ್ಲ, ಇನ್ನೂರು ಮನೆ ದಾಟುವವರೆಗೂ ಆ ಮನೆ ಹಾಗೆಯೇ ನಿಂತಿತು. ಭಟ್ಟರ ಉದಾರತೆ ಇದರಿಂದ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಅದು ಎಲ್ಲಿ ಬೇರು ಬಿಟ್ಟಿತ್ತು ಎಂಬುದು ತಿಳಿಯುತ್ತದೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರದೂ ಇದೇ. ಕುಂದೂರು ಬೆಟ್ಟದಲ್ಲಿ ಕುರಿ ಮೇಯಿಸುತ್ತಾ, ಬೇಸಿಗೆಯಲ್ಲಿ ಕಾಡಿನ ಜೀವಗಳಿಗೆ ನೀರಿಲ್ಲದ್ದನ್ನು ನೋಡಲಾರದೆ ಕಟ್ಟೆ ತೋಡಲು ಕೂತವರು. ಹಾರೆ ಗುದ್ದಲಿಗೆ ಕುರಿ ಮಾರಿದರು. ಕುರಿ ಎಂದರೆ ಆ ಮನೆಯ ಅನ್ನ. ಊರಿನವರು ಹುಚ್ಚು ಎಂದರು. ಹದಿನಾರು ಕಟ್ಟೆ ಆಯಿತು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು, 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಬಗ್ಗೆ ಬಂದ ಲೇಖನಗಳಲ್ಲಿ ಕಟ್ಟೆಗಳ ಲೆಕ್ಕ ಇದೆ. ಮಾರಿದ ಕುರಿಗಳ ಲೆಕ್ಕ ಇಲ್ಲ.

ತಿಮ್ಮಕ್ಕನವರ ವಿಷಯದಲ್ಲಿ ಇದು ತಿರುಗುಮುರುಗಾಗಿದೆ, ಅದಕ್ಕೇ ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಆಲದ ಮರಗಳಿವೆ. ಶಾಲೆಯ ಮಕ್ಕಳಿಗೂ ಗೊತ್ತು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡಾಗ ನಾಡೇ ಕಣ್ಣೀರಿಟ್ಟಿತು. ಆದರೆ ಆ ಗಿಡಗಳನ್ನು ನೆಟ್ಟದ್ದು ಇಬ್ಬರು. ಗಂಡ ಚಿಕ್ಕಯ್ಯ. ಕೂಲಿ ಮಾಡಿ ಬದುಕುವ, ಮಕ್ಕಳಿಲ್ಲದ ದಂಪತಿ. ಮೊದಲ ವರ್ಷ ಹತ್ತು ಸಸಿ, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು, ಹೀಗೆ. ದೂರದಿಂದ ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳು ಕಟ್ಟಿದರು. ಮಳೆ ನೋಡಿಕೊಂಡು ನೆಡುವುದು, ಬೇಸಿಗೆ ದಾಟಿಸುವುದು, ಮತ್ತೆ ನೆಡುವುದು.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ಪ್ರಶಸ್ತಿಗಳು, ಕ್ಯಾಮೆರಾಗಳು ಹುಲಿಕಲ್ಲಿನ ದಾರಿ ಹಿಡಿದದ್ದು ಆಮೇಲೆ. ಹಾಗಾಗಿ ಚಿಕ್ಕಯ್ಯನಿಗೆ ಸಿಗುವುದು ‘ಪತಿಯೊಂದಿಗೆ ಸೇರಿ’ ಎಂಬ ಎರಡು ಪದ. ಹೆಂಡತಿಯ ಪಕ್ಕದಲ್ಲಿ ಕೊಡ ಹೊತ್ತು ನಡೆದು, ಯಾರೂ ನೋಡದ ಕಾಲದಲ್ಲಿ ಕೆಲಸ ಮಾಡಿ, ಯಾರೂ ನೋಡುವ ಮೊದಲೇ ಹೋಗಿಬಿಟ್ಟ ಮನುಷ್ಯ. ಸಂಸಾರವೂ ಊರಿನ ಕೆಲಸವೂ ಒಂದೇ ದಾರಿಯ ಮೇಲೆ ನಡೆದದ್ದಕ್ಕೆ ನಮ್ಮ ಕಣ್ಣೆದುರಿಗೆ ಇರುವ ಅತ್ಯಂತ ದೊಡ್ಡ ಸಾಕ್ಷಿ ಆ ಮರಗಳು. ನಿಮ್ಮ ತಂದೆಯಂಥವರಿಗೆ ಪತ್ರಿಕೆಯಲ್ಲಿ ಜಾಗ ಇದೆಯೇ ಎಂದು ಕೇಳಿದಿರಲ್ಲ, ಚಿಕ್ಕಯ್ಯನಂಥವರ ಬಗ್ಗೆ ಬರೆಯಬಲ್ಲವರು ಸಿಗುತ್ತಿಲ್ಲ ಎಂಬುದೇ ನಮ್ಮ ಕೊರಗು. ಬಲ್ಲವರು ಮನೆಯವರು. ಅವರು ಬರೆಯುವಾಗ ಗೊತ್ತಿದ್ದದ್ದನ್ನು ಗೀಚಿ ಹಾಕಿ ಗುಣವಿಶೇಷಣಗಳನ್ನು ಉಳಿಸಿಕೊಳ್ಳುತ್ತಾರೆ.

ಇನ್ನು ಆ ನೋಟ್‌ಬುಕ್ಕು. “ಅಪ್ಪನ ಒಂದು ಹಳೆಯ ಲೆಕ್ಕದ ಪುಸ್ತಕ ಇದೆ, ಬರೀ ಹೆಸರು, ಬ್ಲಡ್ ಗ್ರೂಪು, ತಾರೀಖು, ಫೋನ್ ನಂಬರು” ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ‘ಬರೀ’ ಎನ್ನಬೇಡಿ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ರಕ್ತ ಮಾರಿಯೇ ಹೊಟ್ಟೆ ಹೊರೆಯುವವರಿದ್ದರು. ಆಸ್ಪತ್ರೆಯ ಗೇಟಿನ ಹತ್ತಿರ ಅವರು ಸಿಗುತ್ತಿದ್ದರು. ಕೊಡುವವರ ಮೈಯೂ ಸೊರಗುತ್ತಿತ್ತು, ತೆಗೆದುಕೊಳ್ಳುವವರಿಗೆ ರೋಗ ಅಂಟುವ ಭಯವೂ ಇತ್ತು. 1996ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿಯಿಂದ ದುಡ್ಡಿಗೆ ರಕ್ತ ಕೊಡುವುದು ನಿಂತಿತು. ಒಳ್ಳೆಯದೇ ಆಯಿತು. ಆದರೆ ಹಳ್ಳಿಯಿಂದ ಬಂದ ರೋಗಿಯ ಕಡೆಯವರಿಗೆ ‘ಈಗ ಯಾರನ್ನು ಕೇಳುವುದು’ ಎಂಬ ಪ್ರಶ್ನೆ ಎದುರಾಯಿತು. ಸುಮ್ಮನೆ ಕೊಡುವವರು ಬೇಕು, ಅವರು ಎಲ್ಲಿದ್ದಾರೆಂದು ತಿಳಿದವರೊಬ್ಬರು ಬೇಕು. ಮೊಬೈಲು ಇನ್ನೂ ಹಳ್ಳಿಗೆ ಬಂದಿರದ ಆ ದಿನಗಳಲ್ಲಿ ಸಣ್ಣ ಸಣ್ಣ ಊರುಗಳಲ್ಲಿ ಇಂಥ ಪುಸ್ತಕ ಇಟ್ಟುಕೊಂಡವರು ಆ ಪ್ರಶ್ನೆಗೆ ಉತ್ತರವಾದರು.

ತಾರೀಖು ಯಾಕೆ ಬರೆಯುತ್ತಿದ್ದರು ಗೊತ್ತೇ? ಒಮ್ಮೆ ರಕ್ತ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು, ಹೆಂಗಸು ನಾಲ್ಕು ತಿಂಗಳು. ಹದಿನೆಂಟು ತುಂಬಿರಬೇಕು, ಅರವತ್ತೈದು ದಾಟಿರಬಾರದು. ಡೆಂಗಿ ಬಂದ ಕಾಲದಲ್ಲಿ ಬೇಕಾಗುವ ಪ್ಲೇಟ್‌ಲೆಟ್ ಐದೇ ದಿನ ಉಳಿಯುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಯಾರು ಯಾವಾಗ ಕೊಟ್ಟರು, ಇನ್ನು ಯಾವಾಗ ಕೇಳಬಹುದು ಎಂಬ ಲೆಕ್ಕವನ್ನು ಯಾರೋ ಒಬ್ಬರು ಶ್ರದ್ಧೆಯಿಂದ ಇಡಬೇಕಾಗುತ್ತದೆ. ಡೈರಿಯಲ್ಲಿ ಯಾರ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು, ಬಟವಾಡೆ ಎಷ್ಟು ಎಂದು ಬರೆಯುತ್ತಿದ್ದ ಕೈಯೇ ಇದನ್ನೂ ಬರೆಯಿತು. ಆ ಪುಸ್ತಕದಲ್ಲಿ ನಿಮ್ಮ ತಂದೆಯ ಸ್ವಭಾವವೇ ಇದೆ. ಒಂದು ಪುಟವನ್ನು ಎದುರಿಗೆ ಇಟ್ಟುಕೊಂಡು, ಅದರಲ್ಲಿರುವ ಒಬ್ಬೊಬ್ಬರಿಗೂ ಫೋನ್ ಮಾಡಿ, ‘ನಿಮಗೆ ನಮ್ಮಪ್ಪ ಹೇಗೆ ಗೊತ್ತು’ ಎಂದು ಕೇಳಿ ನೋಡಿ. ನಿಮಗೆ ಗೊತ್ತಿಲ್ಲದ ಅಪ್ಪ ಅಲ್ಲಿ ಸಿಗುತ್ತಾರೆ.

ಡೈರಿಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ನಿಮ್ಮ ಲೇಖನದಲ್ಲಿ ‘ಹಾಲಿನ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದರು’ ಎಂದು ದಾಟಿಕೊಂಡು ಹೋಗಿದ್ದೀರಿ. ಅಲ್ಲೇ ನಿಲ್ಲಿ. ಡೈರಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಹಸುವಿಗೆ ಕೆಚ್ಚಲು ತುಂಬುವುದಕ್ಕೆ ಕ್ಯಾಲೆಂಡರು ಬೇಕಿಲ್ಲವಲ್ಲ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ವರ್ಷದ ಅಷ್ಟೂ ದಿನ ಬಾಗಿಲು ತೆರೆದು ಅಳತೆ ಹಿಡಿದು ಕೂರಬೇಕು. ಲಾರಿ ಬರುವ ಹೊತ್ತಿಗೆ ಕ್ಯಾನು ಸಿದ್ಧವಿರಬೇಕು. ಹೀಗೆ ಎರಡು ಹೊತ್ತಿಗೆ ಕಟ್ಟುಬಿದ್ದ ಮನುಷ್ಯ ಹಾಸನಕ್ಕೆ ಹೋಗಿಬಂದದ್ದು, ಮಣ್ಣಿಗೆ ನಿಂತದ್ದು, ಮಕ್ಕಳ ಶಾಲೆಯ ಫೀಸು ಕಟ್ಟಿದ್ದು, ನಿಮ್ಮ ಅಮ್ಮನನ್ನು ತವರಿಗೆ ಕರೆದುಕೊಂಡು ಹೋದದ್ದು ಎಲ್ಲವೂ ಆ ಎರಡು ಹಾಲಿನ ನಡುವಿನ ಹೊತ್ತಿನಲ್ಲಿ ಅಥವಾ ರಾತ್ರಿಯಲ್ಲಿ. ಅವರು ಊರಿಗೆ ಕೊಟ್ಟ ಹೊತ್ತು ಎಲ್ಲಿಂದ ಬಂತು ಎಂದು ನಿಮ್ಮ ಲೇಖನ ಹೇಳಬೇಕು. ಅವರು ಇಲ್ಲದ ಸಂಜೆಗಳಲ್ಲಿ ಹಾಲು ಅಳೆದವರು ಯಾರು? ನೀವೋ, ತಮ್ಮನೋ, ಅಮ್ಮನೋ? ನನ್ನ ಊಹೆ ಸರಿಯಾಗಿದ್ದರೆ ಮೂವರೂ.

ಅಮ್ಮನ ವಿಷಯದಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ನಾಲ್ಕು ಪುಟದಲ್ಲಿ ಅವರು ಬರುವುದು ‘ಸಹಧರ್ಮಿಣಿಯಾಗಿ ಬೆನ್ನೆಲುಬಾಗಿ ನಿಂತರು’ ಎಂದು ಒಂದೇ ಸಲ. ಗೀಚಿದ ಸಾಲಿನಲ್ಲಿ ಮಾತ್ರ ಅವರು ಬೀಗರನ್ನು ಒಬ್ಬರೇ ಎದುರುಗೊಳ್ಳುತ್ತಾರೆ. ಏನು ಹೇಳಿ ಸಮಾಧಾನ ಮಾಡಿದರು? ಮಗಳ ಮದುವೆಯ ಮನೆಯಲ್ಲಿ ಯಜಮಾನರಿಲ್ಲ ಎಂದರೆ ಬೀಗರ ಕಡೆಯ ಹಿರಿಯರು ಸುಮ್ಮನಿರುವವರಲ್ಲ. ಆ ಅರ್ಧ ದಿನ ಅಮ್ಮ ಹೊತ್ತುಕೊಂಡದ್ದನ್ನು ಬರೆದರೆ ಅಪ್ಪ ಚಿಕ್ಕವರಾಗುತ್ತಾರೆ ಎಂದು ಹೆದರಬೇಡಿ. ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದವರಿಗೆ ಕಾಫಿ ಕಾಯಿಸಿ ಕೊಟ್ಟವರು, ಖರ್ಚಿಗೆ ಡಬ್ಬಿಯಿಂದ ದುಡ್ಡು ತೆಗೆದುಕೊಟ್ಟವರು, ಜಗಳ ಆಡಿದ್ದರೆ ಜಗಳ ಆಡಿದವರು. ಅವರ ಬಾಯಿಂದಲೇ ಕೇಳಿ ಬರೆಯಿರಿ. ದುಃಖ ಹಸಿ ಇರುವಾಗ ಕೇಳುವುದು ಕಷ್ಟ, ಗೊತ್ತು. ಒಂದೇ ದಿನ ಕೂರಿಸಿ ಕೇಳಬೇಡಿ. ಸೊಪ್ಪು ಬಿಡಿಸುವಾಗ, ಕಾಳು ಆರಿಸುವಾಗ ಒಂದೊಂದೇ ಮಾತು ಕೇಳಿ, ಆಮೇಲೆ ಒಳಗೆ ಹೋಗಿ ಅವರು ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳಿ.

ನಿಮ್ಮ ಸಿಟ್ಟನ್ನೂ ಬಿಡಬೇಡಿ. ಆ ರಾತ್ರಿ ಮಾತಾಡದ ನೀವು ಯಾವಾಗ ಮಾತಾಡಿದಿರಿ? ಮರುದಿನ ಧಾರೆಯ ಹೊತ್ತಿಗೋ, ವರ್ಷಗಳಾದ ಮೇಲೆ ನಿಮ್ಮ ಬಾಣಂತನದ ಹೊತ್ತಿಗೋ? ಅಥವಾ ಆ ಮಾತು ಇನ್ನೂ ಆಡದೆಯೇ ಉಳಿದಿದೆಯೋ? ಉಳಿದಿದ್ದರೆ ಹಾಗೆಯೇ ಬರೆಯಿರಿ, ಜೋಡಿಸಿ ಸುಖಾಂತ್ಯ ಮಾಡುವುದು ಬೇಡ.

ಕೆಲವು ಎಚ್ಚರಗಳನ್ನು ಹೇಳಿ ಮುಗಿಸುತ್ತೇನೆ. ನೋಟ್‌ಬುಕ್ಕಿನಲ್ಲಿರುವ ದಾನಿಗಳ ಹೆಸರು, ಫೋನ್ ನಂಬರನ್ನು ಅವರನ್ನು ಕೇಳದೆ ಲೇಖನದಲ್ಲಿ ಹಾಕಬೇಡಿ. ರಕ್ತ ಪಡೆದವರ ಕಾಯಿಲೆಯ ವಿವರವಂತೂ ಬೇಡವೇ ಬೇಡ. ಪುಸ್ತಕವನ್ನು ಕಳಿಸಬೇಡಿ, ಅಂಚೆಯಲ್ಲಿ ಕಳೆದುಹೋದೀತು. ಹೆಸರು ಮುಚ್ಚಿ ಒಂದು ಪುಟದ ಫೋಟೊ ತೆಗೆದು ಕಳಿಸಿದರೆ ಸಾಕು. ನಿಮ್ಮೂರಿನಲ್ಲಿ ಈ ಕೆಲಸ ಮುಂದುವರಿಸುವ ಹುಡುಗರು ಯಾರಾದರೂ ಇದ್ದರೆ ಪಟ್ಟಿಯ ಒಂದು ಪ್ರತಿ ಅವರ ಕೈಗೆ ಈಗಲೇ ಕೊಡಿ, ಆದರೆ ಪಟ್ಟಿಯಲ್ಲಿರುವವರಿಗೆ ಮೊದಲು ಒಂದು ಮಾತು ಹೇಳಿ. ನಂಬರುಗಳು ಬೇಗ ಬದಲಾಗುತ್ತವೆ, ಲೇಖನ ಆಗುವವರೆಗೆ ಕಾಯಬೇಡಿ. ಭಾವಚಿತ್ರಕ್ಕೆ ಸ್ಟುಡಿಯೋದಲ್ಲಿ ಹಾರ ಹಾಕಿ ಮಾಡಿಸಿದ್ದು ಬೇಡ; ಡೈರಿಯಲ್ಲಿ ಕೂತಿರುವುದು ಇದ್ದರೆ ನೋಡಿ, ಇಲ್ಲದಿದ್ದರೆ ನಿಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರು ಇರುವ ಯಾವುದಾದರೂ ಆಗುತ್ತದೆ. ಬರಹ ಎಷ್ಟು ಉದ್ದವಾದರೂ ಪರವಾಗಿಲ್ಲ, ಕಡಿಮೆ ಮಾಡುವ ಕೆಲಸ ನಮಗಿರಲಿ. ಕೊನೆಯ ಪ್ರತಿಯನ್ನು ನಿಮಗೂ ನಿಮ್ಮ ತಮ್ಮನಿಗೂ ತೋರಿಸಿಯೇ ಅಚ್ಚಿಗೆ ಕೊಡುತ್ತೇವೆ. ವರ್ಷದ ತಿಥಿಯ ಹೊತ್ತಿಗೆ ಪ್ರಕಟವಾಗಬೇಕು ಎಂದಿದ್ದರೆ ಅದಕ್ಕೆ ಎರಡು ತಿಂಗಳು ಮೊದಲೇ ನಮ್ಮ ಕೈ ಸೇರುವಂತೆ ಕಳಿಸಿ.

– ಸಂಪಾದಕ